ಏಳನೆಯ ಹಲ್ಲು

ಜೂನ್ 16, ಸೋಮವಾರ. ರಾಯಚೂರು

ಎರಡು ವರ್ಷದಿಂದ ಖಾಲಿ ಬಿದ್ದಿದ್ದ ಈ ಡೈರಿಗೆ ಇವತ್ತು ಯೋಗ ಬಂದಿದೆ. ಯಾರ ಮುಂದಾದರೂ ಬೈದುಕೊಳ್ಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ಹಾಸ್ಟೆಲ್ಲಿನಲ್ಲಿ ನನ್ನ ಗೋಳು ಕೇಳಿ ಕೇಳಿ ಎಲ್ಲರೂ ಈಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಊಟಕ್ಕೆ ಬರುತ್ತಾರೆ.

ಇವತ್ತು ನನ್ನ ಎಂ.ಡಿ.ಎಸ್. ಪ್ರಬಂಧದ ವಿಷಯ ಕಮಿಟಿಯ ಮುಂದೆ ಹೋಯಿತು. ರಾಯಚೂರು ಜಿಲ್ಲೆಯ ಮಕ್ಕಳಲ್ಲಿ ಹುಟ್ಟಿಯೇ ಇಲ್ಲದ ಹಲ್ಲುಗಳು! ಬಿದ್ದವಲ್ಲ, ಹುಳುಕಾಗಿ ಕೀಳಿಸಿದವಲ್ಲ, ದವಡೆಯೊಳಗೆ ಮೊಳಕೆಯನ್ನೇ ಒಡೆಯದವು. ಆರು ತಿಂಗಳು ಕೂತು ಆರುನೂರ ಹದಿನಾಲ್ಕು ಲೇಖನ ಓದಿದ್ದೇನೆ. ಮೊದಲು ಎಲ್ಲರೂ ವಿಚಿತ್ರ ಹಲ್ಲುಗಳನ್ನು ಎಣಿಸುತ್ತಿದ್ದರು. ಆಮೇಲೆ ಜೀನ್ ಹುಡುಕಲು ಹೊರಟರು. ಈಗ ಎಕ್ಸ್‌ರೇಯನ್ನು ಕಂಪ್ಯೂಟರಿಗೆ ಕೊಟ್ಟು "ನೀನೇ ಹೇಳಪ್ಪಾ" ಅನ್ನುತ್ತಿದ್ದಾರೆ. ಯಾವ ಊರಿನವರ ಬಾಯಿ ನೋಡಿದ್ದಾರೋ ಆ ಊರಿಗೊಂದು ಕೆಂಪು ಚುಕ್ಕೆಯಂತೆ ನಕ್ಷೆಯಲ್ಲಿ ಇಡುತ್ತಾ ಹೋದೆ. ದೊಡ್ಡ ಊರುಗಳಲ್ಲಿ ಚುಕ್ಕೆಯ ಮೇಲೆ ಚುಕ್ಕೆ ಬಿದ್ದು ಗಡ್ಡೆ ಕಟ್ಟಿತು. ಕೃಷ್ಣೆ ತುಂಗಭದ್ರೆಯ ನಡುವೆ ಒಂದೇ ಒಂದು ಚುಕ್ಕೆಯೂ ಇಲ್ಲ. ದೇವದುರ್ಗ ಮಾನ್ವಿಯವರಿಗೆ ಬಾಯೇ ಇಲ್ಲವೇನೋ!

ಕಮಿಟಿಯ ಹಿರಿಯ ಸರ್ ಅದನ್ನು ನೋಡಿ, "ಎಣಸೋದು ಹಳೇದಾತಮ್ಮಾ. ಈಗಿನ ಟ್ರೆಂಡ್ ನೋಡು, ಟ್ರೆಂಡ್" ಅಂದರು. ಆಸ್ಪತ್ರೆಯಲ್ಲಿ ಕೊಳೆಯುತ್ತಿರುವ ಸಾವಿರ ಎಕ್ಸ್‌ರೇಗಳನ್ನು ಸಾಫ್ಟ್‌ವೇರಿಗೆ ಉಣಿಸಬೇಕಂತೆ. ಒಂದು ಬಾಯಿಯನ್ನೂ ನೋಡದೆ ನಾನು ಬಾಯಿಯ ಡಾಕ್ಟರಾಗಬೇಕಂತೆ!

ಉಳಿಸಿದ್ದು ನನ್ನ ಗೈಡ್ ಡಾ. ವಾಹಿದಾ ಮೇಡಂ. "ಸರ್, ಒಂದು ಅವಕಾಶ ಕೊಡ್ರಿ. ಒಂದ ಮನಿ, ಮೂರು ತಲಿಮಾರು, ಮೂವರಿಗೂ ಅದ ಹಲ್ಲು ಇರಬಾರದು. ಫೋಟೋ, ಎಕ್ಸ್‌ರೇ ಸಮೇತ ತಂದ್ರ ಆಕಿ ವಿಷಯ ಆಕಿಗಿ. ಇಲ್ಲಾಂದ್ರ ನಿಮ್ಮ ಸಾಫ್ಟ್‌ವೇರು" ಅಂದರು. ಜುಲೈ ಹನ್ನೊಂದಕ್ಕೆ ಗಡುವು. ಇಪ್ಪತ್ತೈದು ದಿನ!

ಹೊರಗೆ ಬಂದ ಮೇಲೆ ಮೇಡಂ ನನ್ನ ಮುಖವನ್ನೇ ನೋಡಿದರು. "ಅಲ್ಲಬೇ ಕಲ್ಯಾಣಿ, ಎರಡು ವರ್ಷ ಆತು, ನೀ ಬಾಯಿ ತೆರದು ನಕ್ಕಿದ್ದ ನೋಡಿಲ್ಲ. ನಿನಗರ ಹಲ್ಲು ಅದಾವೋ ಇಲ್ಲೋ?"

ತುಟಿ ಬಿಗಿಹಿಡಿದು ಮುಗುಳುನಕ್ಕೆ. ಇದು ನಾನೊಬ್ಬಳೇ ಓದುವ ಡೈರಿ, ಆದ್ದರಿಂದ ಹೇಳಿಬಿಡುತ್ತೇನೆ. ಮೇಲ್ಸಾಲಿನ ಎಡಗಡೆ, ಮುಂದಿನ ದೊಡ್ಡ ಹಲ್ಲಿನ ಪಕ್ಕದ್ದು ನನಗೆ ಹುಟ್ಟಿಯೇ ಇಲ್ಲ. ಅಲ್ಲಿರುವುದು ಹುಬ್ಬಳ್ಳಿಯಲ್ಲಿ ಓದುವಾಗ ಕಟ್ಟಿಸಿದ ಹಲ್ಲು, ಬೇಕೆಂದಾಗ ತೆಗೆದು ಹಾಕುವಂಥದ್ದು. ಹಲ್ಲಿನ ಡಾಕ್ಟರಿಗೇ ಹಲ್ಲಿಲ್ಲವೆಂದು ಗೊತ್ತಾದರೆ ಕಾಲೇಜಿನವರು ನನ್ನನ್ನು ಬದುಕಲು ಬಿಡುತ್ತಾರೆಯೇ? ಮಲಗುವ ಮುಂಚೆ ಅದನ್ನು ತೊಳೆದು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದ್ದೇನೆ.

ಜೂನ್ 17, ಮಂಗಳವಾರ

ವಾಹನ ಸಿಕ್ಕಿತು! ಅವ್ವನ ತಮ್ಮ, ನನ್ನ ಸೋದರಮಾವ ಗದ್ದೆಪ್ಪ, ರಾಯಚೂರು-ದೇವದುರ್ಗದ ನಡುವೆ ತೂಫಾನ್ ಜೀಪು ಓಡಿಸುತ್ತಾನೆ. ತೂಕ ನೂರಾ ಎಂಟು ಕಿಲೋ. ಫೋನ್ ಮಾಡಿದರೆ, "ಎಲ್ಲಿಗಿ ಬೇಕಲ್ಲಿಗಿ ಬರ್ತೀನಿ ಡಾಕ್ಟ್ರವ್ವಾ, ಆದ್ರ ನಾಷ್ಟಾದ ಟೈಮಿಗಿ ಗಾಡಿ ನಿಂದರಬೇಕು" ಅಂದ. ಮಾವನ ನಾಷ್ಟಾ ಎಂದರೆ ಮೂರು ಪ್ಲೇಟು ಮಂಡಕ್ಕಿ ವಗ್ಗರಣಿ, ಎಂಟು ಮಿರ್ಚಿ.

ಜೂನ್ 23, ಸೋಮವಾರ. ಪೋತ್ನಾಳ

ನನ್ನೂರಿನಿಂದಲೇ ಶುರು ಮಾಡಿದೆ. ಅವ್ವ ಅಂಬಮ್ಮ ಇಲ್ಲಿನ ಅಂಗನವಾಡಿ ಟೀಚರು. ಮಾನ್ವಿ ತಾಲೂಕಿನ ಅಷ್ಟೂ ತಾಯಂದಿರು ಅವಳಿಗೆ ಗೊತ್ತು. ಬಾಯಿ ನೋಡುವುದು ನಾನು, ಫಾರಂ ತುಂಬುವುದು ಅವಳು. ಎರಡು ದಿನಕ್ಕೆ ಇನ್ನೂರ ಹನ್ನೆರಡು ಮಕ್ಕಳು! ಕೈ ಬಿದ್ದುಹೋಗಿದೆ, ಖುಷಿಯಿಂದ ನಿದ್ದೆಯೂ ಬರಲಿಕ್ಕಿಲ್ಲ. ಕೂಡಿಕೊಂಡ ಜೋಡಿ ಹಲ್ಲು ಮೂವರಲ್ಲಿ ಸಿಕ್ಕಿತು. ಒಬ್ಬನಿಗೆ ಮುಂದಿನ ಎರಡು ಹಲ್ಲಿನ ನಡುವೆ ಇನ್ನೊಂದು ಪುಟ್ಟ ಹಲ್ಲು ಇಣುಕುತ್ತಿದೆ. ಪಕ್ಕದ ಹಲ್ಲಿಲ್ಲದವರು ಇಬ್ಬರಿದ್ದರು, ಆದರೆ ಅವರ ತಂದೆ ತಾಯಿಗೆ ಮೂವತ್ತೆರಡೂ ಇವೆ. ದುಷ್ಟರು!

"ನಿನ್ನಂಗ ಇಲ್ಲದೋರು ಭಾಳ ಮಂದಿ ಅದಾರೇನು?" ಎಂದು ಅವ್ವ ಮೆಲ್ಲಗೆ ಕೇಳಿದಳು. ಅವಳ ಲೆಕ್ಕದಲ್ಲಿ ನನ್ನ ಹಲ್ಲು ನಾನು ಚಿಕ್ಕವಳಿದ್ದಾಗ ಹೊಸ್ತಿಲ ಮೇಲೆ ಬಿದ್ದು ಮುರಿದದ್ದು. ಅಲ್ಲವೆಂದು ಎಕ್ಸ್‌ರೇ ತೋರಿಸಿ ಎಂಟು ವರ್ಷವಾಯಿತು. ಹೊಸ್ತಿಲ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ.

ಜೂನ್ 24, ಮಂಗಳವಾರ. ರಾಯಚೂರು

ಫಾರಂಗಳನ್ನು ನೋಡಿ ಮೇಡಂ ಕುರ್ಚಿಗೆ ಒರಗಿ ನಕ್ಕರು. ಪ್ರಶ್ನೆ ಒಂಬತ್ತು: ಮಗುವಿಗೆ ಮೊದಲು ಬಂದ ಹಲ್ಲು ಮೇಲಿನದೋ, ಕೆಳಗಿನದೋ? ಇನ್ನೂರ ಹನ್ನೆರಡರಲ್ಲಿ ಇನ್ನೂರ ಹನ್ನೆರಡೂ ಕೆಳಗಿನದು!

"ಎಷ್ಟು ಶಿಸ್ತಿನ ಮಕ್ಕಳು ನೋಡ್ರಿ ಮೇಡಂ" ಅಂದೆ, ಪೆದ್ದಿ.

"ಅರೇ, ನೀ ಮಾನ್ವಿ ಕಡ್ಯಾಕೆ ಹೌದಿಲ್ಲೋ? ಮ್ಯಾಲಿನ ಹಲ್ಲು ಮೊದಲ ಬಂದ್ರ ಸ್ವಾದರಮಾವಗ ಕೇಡು ಅಂತಾರ. ನಮ್ಮ ಮನ್ಯಾಗೂ ಮಾಮೂ ಮ್ಯಾಲ ಭಾರಿ ಅಂತಾರ. ಯಾವ ತಾಯಿ ಬಂದು ನಮ್ಮಣ್ಣನ ಸಾವು ಬರಕೊಳ್ರಿ ಅಂತಾಳ? ನೂರಕ್ಕ ನೂರು ಬಂದ್ರ ಅದು ಲೆಕ್ಕಲ್ಲ ಬೇಟಾ, ಅದು ಹೆದರಿಕಿ."

ಪರದೇಶದ ಪ್ರಶ್ನಾವಳಿಯನ್ನು ಅಚ್ಚುಕಟ್ಟಾಗಿ ಕನ್ನಡಕ್ಕೆ ಇಳಿಸಿ, ಪೋತ್ನಾಳದಲ್ಲೇ ಹುಟ್ಟಿ, ಪೋತ್ನಾಳಕ್ಕೇ ಹೋಗಿ ಕೇಳಿದ್ದೇನೆ. ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಪ್ರಶ್ನೆ ಒಂಬತ್ತಕ್ಕೆ ಕಾಟು ಹೊಡೆದಿದ್ದಾಯಿತು.

ಜೂನ್ 27, ಶುಕ್ರವಾರ. ಗಬ್ಬೂರು

ಅಯ್ಯಯ್ಯೋ, ಎಲ್ಲಿಂದ ಬರೆಯಲಿ!

ಗಬ್ಬೂರಿನ ಶಾಲೆಗೆ ತಿಳಿಸುವ ಕೆಲಸವನ್ನು ಮಾವ ತಾನೇ ಮೈಮೇಲೆ ಹಾಕಿಕೊಂಡಿದ್ದ. ಜೀಪು ಓಡಿಸುತ್ತಾ ಮೊಬೈಲಿಗೆ ಮಾತಾಡಿದ್ದಾನೆ, ಅದು ತನಗೆ ಕೇಳಿಸಿದ್ದನ್ನು ಬರೆದುಕೊಂಡಿದೆ. ಹೆಡ್‌ಮೇಡಂ ಗುರುಶಾಂತಮ್ಮನವರು ಅದನ್ನು ಹಾಗೇ ಪಾಲಕರ ಗ್ರೂಪಿಗೆ ಹಾಕಿದ್ದಾರೆ: "ನಾಳೆ ಶಾಲೆಯಲ್ಲಿ ಹಲ್ಲಿ ತಪಾಸಣೆ. ಎಲ್ಲಾ ಮಕ್ಕಳೂ ತಿಕ್ಕಿ ತೊಳೆದು ತರಬೇಕು."

ತಂದಿದ್ದರು! ಹನ್ನೊಂದು ಹಲ್ಲಿ. ಕಂಪಾಸ್ ಪೆಟ್ಟಿಗೆಯಲ್ಲಿ, ನೀರಿನ ಬಾಟಲಿಯಲ್ಲಿ, ಒಂದಂತೂ ಊಟದ ಡಬ್ಬಿಯಲ್ಲಿ. ಒಬ್ಬಳು ನಿಜವಾಗಿಯೂ ತೊಳೆದು ತಂದಿದ್ದಳು, ಪಾಪ ಅದು ನೆಗಡಿ ಬಂದಂತೆ ಸುಮ್ಮನೆ ಕೂತಿತ್ತು.

ಗುರುಶಾಂತಮ್ಮನವರು ಹಣೆ ಚಚ್ಚಿಕೊಂಡರು. "ಮ್ಯಾಲಿಂದ ದಿನಾ ಏನೇನೋ ಲೆಕ್ಕ ಕೇಳ್ತಾರ್ರಿ ಡಾಕ್ಟ್ರೇ. ಇದೂ ಒಂದಿರಬೇಕು ಅನಕೊಂಡೆ."

ಅಷ್ಟರಲ್ಲಿ ಬಾಟಲಿಯ ಹಲ್ಲಿ ಹೊರಗೆ ಬಂದು ನನ್ನ ತೋಳಿನ ಮೇಲೆ ಓಡಿತು. ನಾನು ಕಿರುಚಿದ ಕಿರುಚಾಟಕ್ಕೆ ಬಾಯಲ್ಲಿದ್ದ ಹಲ್ಲು ಹಾರಿ ಮೇಜಿನ ಮೇಲೆ, ಸರಿಯಾಗಿ ಆ ಹಲ್ಲಿಯ ಪಕ್ಕದಲ್ಲೇ ಬಿತ್ತು. ನೂರಾ ನಲವತ್ತು ಮಕ್ಕಳು ಉಸಿರು ಹಿಡಿದರು. ಮುಂದಿನ ಸಾಲಿನ ಪುಟ್ಟಿಯೊಬ್ಬಳು ಬಗ್ಗಿ ನೋಡಿ ಹೇಳಿದಳು: "ಟೀಚರ್ರೀ, ಹಲ್ಲೀದು ಹಲ್ಲು ಬಿತ್ರಿ!"

ಶಾಲೆಯ ತಗಡು ಹಾರುವಂತೆ ನಕ್ಕರು. ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು ನನಗೆ. ಆಗ ಸಾಲಿನ ಕೊನೆಯಲ್ಲಿ, ಬೆಳಿಗ್ಗೆಯಿಂದ ಬಾಯಿಗೆ ಕೈ ಇಟ್ಟುಕೊಂಡೇ ನಿಂತಿದ್ದ ಆರನೇ ಕ್ಲಾಸಿನ ಹುಡುಗಿ ಸೀದಾ ನನ್ನೆದುರಿಗೆ ಬಂದಳು. ನನ್ನ ಖಾಲಿ ಜಾಗವನ್ನೇ ನೋಡಿದಳು. "ನಿಮಗೂ ನನ್ನಂಗ ಇಲ್ಲೇನ್ರಿ?" ಎಂದು ಕೇಳಿ ಕೈ ತೆಗೆದಳು.

ಎರಡೂ ಬದಿ ಇಲ್ಲ! ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ! ಹೆಸರು ಮಲ್ಲೇಶ್ವರಿ. "ನಮ್ಮಪ್ಪಗೂ ಇಲ್ರಿ" ಅಂದಳು. ನಾನು ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟೆ.

ಕಟ್ಟಿಸಿದ ಹಲ್ಲನ್ನು ಅಲ್ಲೇ ಹಾಕಿಕೊಳ್ಳುವ ಹಾಗಿರಲಿಲ್ಲ, ಹಲ್ಲಿ ನೆಕ್ಕಿತ್ತೋ ಏನೋ. ಕರ್ಚೀಫಿನಲ್ಲಿ ಸುತ್ತಿ ತಂದು ಈಗ ಮೂರು ಸಲ ತೊಳೆದಿದ್ದೇನೆ.

ಜೂನ್ 28, ಶನಿವಾರ

ತಂದೆ, ಮಗಳು. ಇನ್ನೊಂದೇ ತಲೆಮಾರು!!

ಜುಲೈ 1, ಮಂಗಳವಾರ. ಗಬ್ಬೂರು

ಮಲ್ಲೇಶ್ವರಿಯ ಅಪ್ಪ ಗುರುಸಿದ್ದ ಕುರಿ ಕಾಯುವವನು. ಅರಕೇರಾ ಕಡೆಗೆ ಮೇಯಿಸಲು ಹೋದವನನ್ನು ಮಗಳು ಫೋನ್ ಮಾಡಿ ಕರೆಸಿದ್ದಳು. ಬಾಯಿ ತೆರೆದ. ಅವವೇ ಎರಡು ಹಲ್ಲು ಇಲ್ಲ! ಕೈಯಲ್ಲಿ ಹಿಡಿಯುವ ಪುಟ್ಟ ಎಕ್ಸ್‌ರೇ ಯಂತ್ರ ಜೀಪಿನಲ್ಲೇ ಇತ್ತು, ತಂದೆ ಮಗಳಿಬ್ಬರದೂ ಅಲ್ಲೇ ತೆಗೆದೆ. ದವಡೆಯೊಳಗೆ ಮೊಳಕೆಯ ಸುಳಿವೂ ಇಲ್ಲ. "ಇಲ್ಲ ಅಂದ್ರ ಇಷ್ಟು ಖುಷಿ ಪಡೋರನ್ನ ಇವತ್ತ ನೋಡಿದೆ" ಅಂದ ಗುರುಸಿದ್ದ.

ಅವನ ತಾಯಿ ದುರುಗಮ್ಮ ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಅರವತ್ತೈದರ ಮೇಲಿರಬೇಕು. ನಾನು ಹತ್ತಿರ ಹೋಗುತ್ತಲೇ ಸೆರಗು ಬಾಯಿಗೆ ಬಂತು.

"ಯವ್ವಾ, ಒಂದು ಸಲ ಬಾಯಿ ನೋಡ್ಲೇನ್ರಿ?"

"ನನ್ನ ಬಾಯಾಗ ಏನದವ್ವಾ ನೋಡಾಕ? ಹೋಗು, ಚಾ ಕುಡದು ಹೋಗು."

ಚಹಾ ಕುಡಿದೆ. ಅವರೂ ಕುಡಿದರು, ಗೋಡೆ ಕಡೆ ಮುಖ ತಿರುಗಿಸಿ. ಮಲ್ಲೇಶ್ವರಿ ನನ್ನ ಕೈ ಜಗ್ಗಿ, "ನಿಮ್ಮದು ಕಟ್ಟಿಸಿದ್ದು ತಗೀರಿ, ನಮ್ಮವ್ವಗ ತೋರಿಸ್ತೀನಿ" ಅಂದಳು. ತೆಗೆದು ತೋರಿಸಿದೆ. ಮನೆಯವರೆಲ್ಲ ಸುತ್ತ ನೆರೆದು ನೋಡಿದರು. ಅಜ್ಜಿ ಮಾತ್ರ ಜೋಳದಿಂದ ಕಣ್ಣೆತ್ತಲಿಲ್ಲ.

ಜುಲೈ 4, ಶುಕ್ರವಾರ. ದೇವದುರ್ಗ

ಮತ್ತೆ ಹೋದೆ, ಮತ್ತೆ ಚಹಾ, ಮತ್ತೆ ಸೆರಗು. ದೇವದುರ್ಗದ ಬಸ್‌ಸ್ಟ್ಯಾಂಡಿನವರೆಗೆ ಗುರುಸಿದ್ದ ನಮ್ಮ ಜೀಪಿನಲ್ಲೇ ಬಂದ. ಮಾವ ಮಿರ್ಚಿ ತರಲು ಇಳಿದಾಗ ಅವನು ಹೇಳಿದ.

"ನಮ್ಮವ್ವ ಯಾರ ಮುಂದೂ ಬಾಯಿ ತೆರ್ಯಂಗಿಲ್ರಿ. ಒಂಬತ್ತು ತಿಂಗಳ ಕೂಸಿದ್ದಾಗ ಆಕಿಗಿ ಮ್ಯಾಲಿನ ಹಲ್ಲು ಮೊದಲ ಬಂದ್ವಂತ. ಅದ ತಿಂಗಳಾಗ ಆಕಿ ಸ್ವಾದರಮಾವ ಬಾವಿ ತೋಡುವಾಗ ಕಲ್ಲು ಬಿದ್ದು ಸತ್ತ. ಮಾವನ್ನ ತಿಂದಾಕಿ ಅಂತ ಹೆಸರಿಟ್ರು. ಹಾಲಹಲ್ಲು ಬಿದ್ದಮ್ಯಾಲ ಆ ಎರಡು ಹಲ್ಲು ತಿರುಗಿ ಬರಲೇ ಇಲ್ಲ. ತಪ್ಪು ಮಾಡಿದ ಹಲ್ಲು, ಅದಕ್ಕ ಬರಲಿಲ್ಲ ಅಂದ್ರಂತ ಊರವರು. ನನಗೂ ನನ್ನ ಮಗಳಿಗೂ ಇಲ್ಲಂದ್ರ ತನ್ನ ಪಾಪ ಅಂತ ತಿಳಕೊಂಡಾಳ."

ನಾನು ಸಂತೋಷಪಡಬೇಕಿತ್ತು. ಬೇಕಾಗಿದ್ದ ಮೂರನೇ ತಲೆಮಾರು ಸಿಕ್ಕಿದೆ, ಒಂದು ಸೆರಗಿನ ಹಿಂದೆ. ಆದರೆ ಸಿಟ್ಟು ಬಂತು. ಒಂಬತ್ತು ತಿಂಗಳ ಕೂಸಿನ ಮೇಲೆ ಯಾರಾದರೂ ಕೊಲೆ ಹೊರಿಸುತ್ತಾರೆಯೇ! ದುಃಖವಾಯಿತು, ನಿಜ ಹೇಳುತ್ತೇನೆ. ಮಾವ ತಂದ ಮಿರ್ಚಿಯನ್ನು ಅವನ ಕಡೆಗೇ ಸರಿಸಿದೆ. ನನ್ನ ಪಾಲಿನದನ್ನೂ ಅವನೇ ತಿಂದ.

ಇನ್ನು ಏಳು ದಿನ.

ಜುಲೈ 6, ಭಾನುವಾರ. ಪೋತ್ನಾಳ

ಅವ್ವ ರೊಟ್ಟಿ ಬಡಿಯುತ್ತಿದ್ದಳು. ದುರುಗಮ್ಮನ ವಿಷಯ ಹೇಳಿದೆ. ಹೇಳುತ್ತಾ ಹೇಳುತ್ತಾ ರೊಟ್ಟಿಯ ಸದ್ದು ನಿಂತುಹೋಯಿತು.

"ಯಾಕಬೇ?" ಅಂದೆ.

"ಏನಿಲ್ಲ."

"ಅವ್ವಾ, ನನಗ ಮೊದಲ ಬಂದಿದ್ದು ಯಾವ ಹಲ್ಲು?"

"ಕೆಳಗಿಂದು."

"ಅವ್ವಾ."

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. "ಮ್ಯಾಲಿಂದು" ಅಂದಳು, ಒಲೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಇಂಥಾದ್ದು ನಂಬಬಾರದು ಅಂತ ನಾನ ಅಂಗನವಾಡ್ಯಾಗ ಪಾಠ ಮಾಡ್ತೀನಿ. ಗೋಡಿ ಮ್ಯಾಲ ಬುದ್ಧನ ಫೋಟೋ ಅದ. ಆದ್ರ ನನಗ ಇರಾಂವ ಒಬ್ಬನ ತಮ್ಮ. ಆತ ಬಂದಾಗೆಲ್ಲಾ ನಿನ್ನ ತಲೀಗಿ ಹಾಕಿದ ಕುಂಚಗಿ ಬಾಯಿ ತನಕ ಎಳದು ಕಟ್ಟತಿದ್ದೆ. ಕೂಸು ನಗಬಾರದು, ಆತ ನೋಡಬಾರದು ಅಂತ. ಕೆಳಗಿನವು ಬರೋ ತನಕ ನಾಕು ತಿಂಗಳು."

ನನಗೆ ನಗು ತಡೆಯಲಾಗಲಿಲ್ಲ. ಇನ್ನೂರ ಹನ್ನೆರಡು ಫಾರಂ ತುಂಬಿದ ಕೈ ಇದೇ! ಅವ್ವನೂ ನಗಲು ಶುರು ಮಾಡಿದಳು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ತಟ್ಟನೆ ನನ್ನ ಕೈ ಹಿಡಿದಳು.

"ಗದ್ದೆಪ್ಪಗ ಮಾತ್ರ ಹೇಳಬ್ಯಾಡ ಯವ್ವಾ. ಅವಂಗ ಬಿ.ಪಿ. ಅದ."

ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಜುಲೈ 8, ಮಂಗಳವಾರ. ಗಬ್ಬೂರು

ಮಾತು ಮುರಿದೆ. ಅವ್ವಾ, ಕ್ಷಮಿಸು, ಆದರೆ ನೀನು ಅಲ್ಲಿರಬೇಕಿತ್ತು!

ದುರುಗಮ್ಮ ಎಂದಿನಂತೆ ಜೋಳ ಹಸನು ಮಾಡುತ್ತಿದ್ದರು. ನಾನು ಅವರ ಪಕ್ಕ ನೆಲದ ಮೇಲೆ ಕೂತೆ. ಯಂತ್ರವನ್ನು ಜೀಪಿನಲ್ಲೇ ಬಿಟ್ಟಿದ್ದೆ.

"ಯವ್ವಾ, ಇವತ್ತ ನಿಮ್ಮ ಬಾಯಿ ನೋಡಾಕ ಬಂದಿಲ್ಲ. ಒಬ್ಬನ್ನ ತೋರಸಾಕ ಬಂದೀನಿ. ಮಾವಾ, ಒಳಗ ಬಾ!"

ಮಾವ ಬಾಗಿಲಿಗೆ ಅಡ್ಡಡ್ಡಲಾಗಿ ಬಂದ. ಕೈಯಲ್ಲಿ ಇನ್ನೂ ಅರ್ಧ ಮಿರ್ಚಿ ಇತ್ತು.

"ಇವ ನಮ್ಮ ಸ್ವಾದರಮಾವ. ನಮ್ಮವ್ವನ ಒಬ್ಬನ ತಮ್ಮ. ನನಗೂ ಮ್ಯಾಲಿನ ಹಲ್ಲ ಮೊದಲ ಬಂದಿದ್ವು ಯವ್ವಾ. ಇಪ್ಪತ್ತೇಳು ವರ್ಷ ಆತು. ನೋಡ್ರಿ ಹೆಂಗದಾನ!"

ದುರುಗಮ್ಮ ಮೊರ ಕೆಳಗಿಟ್ಟರು. ಮಾವನನ್ನು ಕಾಲಿನಿಂದ ತಲೆಯವರೆಗೆ, ಆಮೇಲೆ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ನೋಡಿದರು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಮಾವನ ಮುಖ ಬಿಳಿಚಿಕೊಂಡಿತು. "ಏನಂದಿ? ಮ್ಯಾಲಿಂದು ಮೊದಲ? ನಿನಗಾ? ಅಕ್ಕ ನನಗ ಹೇಳೇ ಇಲ್ಲಲ್ಲಲೇ!" ಎದೆ ಮುಟ್ಟಿ ನೋಡಿಕೊಂಡ. "ಯಾಕೋ ಎದಿ ಒಂಥರಾ ಆಗಾಕತ್ತದ. ನೀರು ಕೊಡ್ರಿ." ಹೊರಸಿನ ಮೇಲೆ ಕುಕ್ಕರಿಸಿದ ರಭಸಕ್ಕೆ ಹೊರಸಿನ ಒಂದು ಕಾಲು ಲಟಕ್ಕೆಂದಿತು. ಮಾವ ಅರ್ಧ ನೆಲದ ಮೇಲೆ, ಅರ್ಧ ಹೊರಸಿನ ಮೇಲೆ, ಮಿರ್ಚಿಯನ್ನು ಮಾತ್ರ ಮೇಲೆತ್ತಿ ಹಿಡಿದಿದ್ದ.

"ಇಪ್ಪತ್ತೇಳು ವರ್ಷ ಆದಮ್ಯಾಲ ಅಂಜಾಕತ್ತಾನ ನೋಡ!" ಅಂದರು ದುರುಗಮ್ಮ. ನನ್ನ ಕಡೆ ತಿರುಗಿ, "ಇವನ್ನ ತಿನ್ನಾಕ ನಿನ್ನೊಬ್ಬಾಕಿ ಬಾಯಿ ಸಾಲಂಗಿಲ್ಲ ಬಿಡಬೇ!" ಅಂದವರೇ ನಕ್ಕರು. ನಕ್ಕರು ಎಂದರೆ ಸಾಲದು. ಸೆರಗು ಜಾರಿ ಮಡಿಲಲ್ಲಿ ಬಿತ್ತು, ಎರಡೂ ಕೈ ತೊಡೆಗೆ ಬಡಿದುಕೊಂಡರು, ಬಾಯಿ ಪೂರ್ತಿ ತೆರೆದಿತ್ತು. ಮಲ್ಲೇಶ್ವರಿ ಅಜ್ಜಿಯ ಬಾಯನ್ನೇ ಎವೆಯಿಕ್ಕದೆ ನೋಡುತ್ತಿದ್ದಳು, ಅವಳಿಗೂ ಅದು ಮೊದಲ ಸಲ. "ಯವ್ವಾ, ನಿನಗೂ ನನ್ನಂಗ ಅದ!" ಎಂದು ಕೂಗಿದಳು.

ನಗು ಇಳಿದ ಮೇಲೆ ದುರುಗಮ್ಮ ನನ್ನ ಮೊಣಕೈ ಹಿಡಿದುಕೊಂಡರು. ಹಿಡಿತ ಗಟ್ಟಿಯಾಗಿತ್ತು.

"ಹಂಗಾರ ನಾ ತಿಂದಿಲ್ಲ?"

"ಇಲ್ಲ ಯವ್ವಾ. ಕಲ್ಲು ಬಿದ್ದು ಹೋದ್ರು ಅವರು. ನೀವಾಗ ಒಂಬತ್ತು ತಿಂಗಳ ಕೂಸು."

"ಒಂಬತ್ತು ತಿಂಗಳು" ಅಂದರು. ಆ ಮಾತನ್ನು ತಾವೇ ಎರಡು ಸಲ ಹೇಳಿಕೊಂಡರು. ಅತ್ತರು, ಮೂಗು ಒರೆಸಿಕೊಂಡರು, ಆಮೇಲೆ, "ತಗಿ ನಿನ್ನ ಫೋಟೋ. ಅದೇನು ಮಷೀನದ, ಅದನ್ನೂ ತಗೊಂಬಾ" ಅಂದರು. ಫಾರಮ್ಮಿಗೆ ಹೆಬ್ಬೆಟ್ಟು ಒತ್ತುವಾಗ ಸುತ್ತ ನೋಡಿ, "ಎಲ್ಲಾರಿಗೂ ತೋರಸು" ಎಂದು ಸೇರಿಸಿದರು.

ಎಕ್ಸ್‌ರೇ ನೋಡಿ ಕುಣಿದುಬಿಟ್ಟೆ. ಆ ಎರಡು ಹಲ್ಲು ಇಲ್ಲವೇ ಇಲ್ಲ. ಅಷ್ಟೇ ಅಲ್ಲ, ಅವುಗಳ ಹಿಂದೆ ಎಡಗಡೆ ಒಂದು ಹಾಲಹಲ್ಲು ಇನ್ನೂ ಗಟ್ಟಿಯಾಗಿ ಕೂತಿದೆ! ಅರವತ್ತೈದು ವರ್ಷದ ಅಜ್ಜಿಯ ಬಾಯಲ್ಲಿ ಕೂಸಿನ ಹಲ್ಲು! ಹೇಳಿದಾಗ ದುರುಗಮ್ಮ ನಾಲಗೆಯಿಂದ ಅದನ್ನು ಹುಡುಕಿ ಮುಟ್ಟಿ ನೋಡಿಕೊಂಡರು.

ಕೊನೆಗೆ ಎಲ್ಲರದೂ ಕೂಡಿ ಒಂದು ಫೋಟೋ ಬೇಕೆಂದರು. ತೆಗೆದದ್ದು ಮಾವ. "ನಾನಿನ್ನ ಎಷ್ಟು ದಿನ ಇರ್ತೀನೋ, ತಗಿಯೂದ ತಗೀತೀನಿ" ಎಂದು ಗೊಣಗುತ್ತಾ ತೆಗೆದದ್ದರಿಂದ ಯಾರಿಗೂ ಮುಖ ಸರಿಮಾಡಿಕೊಳ್ಳಲು ಆಗಲಿಲ್ಲ.

ಜುಲೈ 9, ಬುಧವಾರ. ರಾಯಚೂರು

ದುರುಗಮ್ಮ ಗಂಟು ಕಟ್ಟಿ ಕೊಟ್ಟಿದ್ದ ಶೇಂಗಾ ಚಟ್ನಿ ಪುಡಿ ಬ್ಯಾಗಿನಲ್ಲಿ ಚೆಲ್ಲಿ ಪುಸ್ತಕಗಳಿಗೆಲ್ಲ ಬೆಳ್ಳುಳ್ಳಿ ವಾಸನೆ. ಉಳಿದದ್ದನ್ನು ಹಾಕಿಡಲು ಮುಚ್ಚಳ ಗಟ್ಟಿಯಿರುವ ಡಬ್ಬಿ ಒಂದೇ ಸಿಕ್ಕಿತು, ಆ ಸ್ಟೀಲಿನದು. ಮೊನ್ನೆ ರಾತ್ರಿಯಿಂದ ಅದರಲ್ಲೇ ಇದ್ದ ಹಲ್ಲನ್ನು ಕರ್ಚೀಫಿಗೆ ಸುತ್ತಿಟ್ಟು, ಡಬ್ಬಿಯನ್ನು ಕುದಿಯುವ ನೀರಲ್ಲಿ ತೊಳೆದು, ತುಂಬಿಟ್ಟಿದ್ದೇನೆ. ಎಂಥ ರುಚಿ!

ಮಾವ ಫೋನ್ ಮಾಡಿದ್ದ. ಬಿ.ಪಿ. ತೋರಿಸಿಕೊಂಡು ಬಂದನಂತೆ, ಏನೂ ಹೆಚ್ಚಾಗಿಲ್ಲ. ಅವ್ವನ ಹತ್ತಿರ ಮಾತ್ರ ಒಂದು ವಾರ ಮಾತಾಡುವುದಿಲ್ಲವಂತೆ. ನಾಳೆ ಅವಳ ಮನೆಯಲ್ಲೇ ಊಟ.

ಜುಲೈ 11, ಶುಕ್ರವಾರ. ರಾಯಚೂರು

ಕಮಿಟಿಯ ಮುಂದೆ ಪರದೆಯ ಮೇಲೆ ಒಂದೊಂದೇ ಹಾಕಿದೆ. ಮಗಳು, ಎರಡು ಹಲ್ಲಿಲ್ಲ. ಅಪ್ಪ, ಅವೇ ಎರಡು ಇಲ್ಲ. ಅಜ್ಜಿ, ಅವೇ ಎರಡು, ಜೊತೆಗೆ ಒಂದು ಹಾಲಹಲ್ಲು. ಹಿರಿಯ ಸರ್ ಎದ್ದು ಪರದೆಯ ಹತ್ತಿರವೇ ಹೋಗಿ ಕನ್ನಡಕ ಮೇಲೆತ್ತಿ ನೋಡಿದರು. "ಇದನ್ನ ಯಾವ ಸಾಫ್ಟ್‌ವೇರೂ ಹುಡುಕಿಕೊಡಂಗಿಲ್ಲ ಬಿಡಮ್ಮಾ. ಎಣಸು. ಪೂರಾ ಜಿಲ್ಲಾ ಎಣಸು" ಅಂದರು. ವಿಷಯ ನನ್ನದು! ನನ್ನದು! ನನ್ನ ನಕ್ಷೆಯಲ್ಲಿ ಗಬ್ಬೂರಿನ ಮೇಲೆ ದೊಡ್ಡ ಕೆಂಪು ಚುಕ್ಕೆ ಇಟ್ಟೆ, ಅವರೆಲ್ಲರ ಕಣ್ಣೆದುರೇ.

ಕೊನೆಗೆ ಆ ಗುಂಪು ಫೋಟೋ ಹಾಕಿ, "ಮೂರು ತಲೆಮಾರು, ಇಲ್ಲದ ಹಲ್ಲು ಒಟ್ಟು ಆರು" ಎಂದು ಮುಗಿಸಿದೆ.

ವಾಹಿದಾ ಮೇಡಂ ಮುಂದಕ್ಕೆ ಬಾಗಿದರು. ಬೆರಳಿನಿಂದ ಗಾಳಿಯಲ್ಲೇ ಎಣಿಸಿದರು, ಮತ್ತೊಂದು ಸಲ ಎಣಿಸಿದರು.

"ಲೆಕ್ಕ ತಪ್ಪೇದ ಕಲ್ಯಾಣಿ. ನೀ ಆರು ಅಂತಿ. ಫೋಟೋದಾಗ ಏಳು ಅದಾವ. ಏಳನೇದು ಯಾರ್ದು?"

ನಾನು ತಿರುಗಿ ನೋಡಿದೆ. ದುರುಗಮ್ಮನ ಹೆಗಲಿಗೆ ಒರಗಿ, ತಲೆ ಹಿಂದಕ್ಕೆ ಎಸೆದು, ಕಣ್ಣು ಮುಚ್ಚಿ, ಗಂಟಲು ಕಾಣುವಷ್ಟು ಬಾಯಿ ತೆರೆದು ನಗುತ್ತಿರುವವಳೊಬ್ಬಳು ಪರದೆಯ ತುಂಬ ಇದ್ದಳು. ನಾಲಗೆಯಿಂದ ಮುಟ್ಟಿ ನೋಡಿಕೊಂಡೆ. ಖಾಲಿ. ಬೆಳಿಗ್ಗೆಯಿಂದ ಇಡೀ ಕಮಿಟಿಯ ಎದುರು ಹೀಗೇ ಮಾತಾಡಿದ್ದೇನೆ.

"ನಂದು ಮೇಡಂ" ಅಂದೆ. ನಗು ಬಂತು, ಕೈ ಮೇಲೇಳಲೇ ಇಲ್ಲ.

ಮೇಡಂ ಒಂದು ಹೊಸ ಫಾರಂ ಎಳೆದುಕೊಂಡು ಪೆನ್ನಿನ ಕ್ಯಾಪು ತೆಗೆದರು.

"ಬಾ, ಇಲ್ಲಿ ಕೂಡು ಬೇಟಾ. ಹೆಸರು ಹೇಳು. ಮೊದಲ ಬಂದ ಹಲ್ಲು ಮ್ಯಾಲಿಂದೋ, ಕೆಳಗಿಂದೋ?"

"ಮ್ಯಾಲಿಂದು ಮೇಡಂ."

ಕಾಟು ಹೊಡೆದಿದ್ದ ಪ್ರಶ್ನೆ ಒಂಬತ್ತಕ್ಕೆ ಇನ್ನೂರ ಹದಿಮೂರನೆಯ ಉತ್ತರ. ಆ ಕಾಲಮ್ಮಿನಲ್ಲಿ ಹಾಗೆ ಬರೆದ ಮೊದಲನೆಯದು.